ಅಹಮದ್‌ನಗರದ ಟ್ಯಾಂಕುಗಳನ್ನು ಚೈನಿನಿಂದ ಮೇಲಕ್ಕೆ ನೋಡುವುದು

ಬೆಂಗಳೂರಿನಿಂದ ದೆಹಲಿಗೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ ಕಲಬುರಗಿ, ಸೊಲ್ಲಾಪುರ, ದೌಂಡ್ ದಾಟಿ ಅಹಮದ್‌ನಗರದಲ್ಲಿ ನಿಲ್ಲುತ್ತದೆ. ಊರಿನ ಅಧಿಕೃತ ಹೆಸರು ಈಗ ಅಹಿಲ್ಯಾನಗರ; ಜನರ ಬಾಯಲ್ಲಿ ಬರೀ ‘ನಗರ’. ಪುಣೆಯಿಂದ ಬರುವವರಿಗೆ ಸುಮಾರು 120 ಕಿಲೋಮೀಟರ್ ರಸ್ತೆ. ಆಟೋದವರಿಗೆ ‘ರಣಗಾಡಾ ಮ್ಯೂಸಿಯಂ’ ಎಂದರೆ ಸಾಕು, ಮರಾಠಿಯಲ್ಲಿ ಟ್ಯಾಂಕಿಗೆ ರಣಗಾಡಾ ಎನ್ನುತ್ತಾರೆ. ಸೇನೆಯ ಟ್ಯಾಂಕ್ ತರಬೇತಿ ಕೇಂದ್ರವಾದ ಆರ್ಮರ್ಡ್ ಕೋರ್ ಸೆಂಟರ್ ಅಂಡ್ ಸ್ಕೂಲ್ 1994ರ ಫೆಬ್ರವರಿಯಲ್ಲಿ ಕಟ್ಟಿದ ಕ್ಯಾವಲ್ರಿ ಟ್ಯಾಂಕ್ ಮ್ಯೂಸಿಯಂ ಇದು. ಸುಮಾರು 50 ವಾಹನಗಳಿವೆ, ಹೆಚ್ಚಿನವು ಬಯಲಲ್ಲೇ ನಿಂತಿವೆ.

ಸೇನೆಯ ಜಾಗವಾದ್ದರಿಂದ ಗುರುತಿನ ಚೀಟಿ ಜೊತೆಗಿರಲಿ. ಬೆಳಿಗ್ಗೆಯೇ ಹೋಗುವುದು ಒಳ್ಳೆಯದು. ದಖ್ಖನಿನ ಬಿಸಿಲಿಗೆ ಹನ್ನೊಂದು ಗಂಟೆಯ ಹೊತ್ತಿಗೆ ಉಕ್ಕು ಕೈ ಸುಡುತ್ತದೆ, ನೆತ್ತಿಯ ಮೇಲಿನ ಬೆಳಕಿಗೆ ತಗಡಿನ ಉಬ್ಬುತಗ್ಗು ಕಣ್ಣಿಗೆ ಬೀಳುವುದಿಲ್ಲ. ಓರೆಯಾಗಿ ಬೀಳುವ ಬೆಳಕಿನಲ್ಲಿ ವೆಲ್ಡಿಂಗ್ ಗೆರೆ, ಎರಕದ ಒರಟು, ರಿವೆಟ್ ತಲೆ ಎಲ್ಲವೂ ಎದ್ದು ಕಾಣುತ್ತವೆ. ನೀರು, ಟೋಪಿ, ಒಂದು ಸಣ್ಣ ಟಾರ್ಚ್ ಮತ್ತು ದರ್ಜಿಯವರ ಟೇಪು ಇಟ್ಟುಕೊಳ್ಳಿ. ಟೇಪು ಯಾಕೆಂಬುದು ಮುಂದೆ ಗೊತ್ತಾಗುತ್ತದೆ. ಟ್ಯಾಂಕಿನ ಮೇಲೆ ಹತ್ತಬಾರದು. ಅಳೆಯಬೇಕಾದದ್ದೆಲ್ಲ ನೆಲದಲ್ಲಿ ನಿಂತೇ ಕೈಗೆ ಸಿಗುತ್ತದೆ.

ಬಂದವರೆಲ್ಲ ಮೊದಲು ನೋಡುವುದು ನಳಿಗೆಯನ್ನು. ಅದನ್ನು ಕೊನೆಗೆ ಇಟ್ಟುಕೊಳ್ಳಿ. ಟ್ಯಾಂಕು ಎಂದರೆ ಮೊದಲು ನೆಲದ ಮೇಲೆ ಹೊತ್ತು ನಿಲ್ಲಬೇಕಾದ ಭಾರ. ಆ ಭಾರವನ್ನು ಹೊರುವುದು ಚೈನು, ಚೈನಿನ ಮೇಲೆ ಉರುಳುವುದು ಚಕ್ರ, ಚಕ್ರದ ಮೇಲೆ ಒಡಲು, ಅದರ ಮೇಲೆ ತೋಪು ಹೊತ್ತು ತಿರುಗುವ ಗೋಪುರ. ಈ ಕ್ರಮದಲ್ಲಿ ಕೆಳಗಿನಿಂದ ಮೇಲಕ್ಕೆ ನೋಡಿಕೊಂಡು ಹೋದರೆ ಅದನ್ನು ಮಾಡಿದವರು ಏನನ್ನು ಬಿಟ್ಟು ಏನನ್ನು ಪಡೆದರು ಎಂಬುದು ತಾನಾಗಿ ತಿಳಿಯುತ್ತದೆ.

ಅಭ್ಯಾಸಕ್ಕೆ ಪಿಟಿ-76 ಒಳ್ಳೆಯದು. ನೀರಿನಲ್ಲೂ ತೇಲಿ ಸಾಗುವ ರಷ್ಯಾದ ಈ ಟ್ಯಾಂಕಿನ ತೂಕ 14 ಟನ್. ಚೈನಿನ ಅಗಲಕ್ಕೆ ಟೇಪು ಹಿಡಿಯಿರಿ: 36 ಸೆಂಟಿಮೀಟರ್. ಮೊದಲ ಚಕ್ರದ ನಡುವಿನಿಂದ ಕೊನೆಯ ಚಕ್ರದ ನಡುವಿನವರೆಗೆ ನೆಲ ಮುಟ್ಟುವ ಉದ್ದ ಸುಮಾರು 408. ತುದಿಗಳಲ್ಲಿ ಮೇಲೆದ್ದಿರುವ ಹಲ್ಲುಚಕ್ರವನ್ನೂ ಅದರ ಎದುರು ತುದಿಯ ಚಕ್ರವನ್ನೂ ಲೆಕ್ಕಕ್ಕೆ ಸೇರಿಸಬೇಡಿ; ಅವು ಭಾರ ಹೊರುವುದಿಲ್ಲ, ಹೊಸಬರು ತಪ್ಪುವುದು ಇಲ್ಲೇ. ಎರಡು ಚೈನಿಗೆ 36 × 408 × 2, ಅಂದರೆ 29,376 ಚದರ ಸೆಂಟಿಮೀಟರ್. 14,000 ಕಿಲೋವನ್ನು ಇದರಿಂದ ಭಾಗಿಸಿದರೆ ನೆಲದ ಮೇಲಿನ ಒತ್ತಡ ಚದರ ಸೆಂಟಿಮೀಟರಿಗೆ 0.48 ಕಿಲೋ. ನಡೆಯುವಾಗ ಭಾರವೆಲ್ಲ ಒಂದೇ ಕಾಲಿನ ಮೇಲೆ ಬಿದ್ದ ಗಳಿಗೆಯಲ್ಲಿ ಮನುಷ್ಯನ ಪಾದ ನೆಲವನ್ನು ಒತ್ತುವುದೂ ಹೆಚ್ಚುಕಡಿಮೆ ಇಷ್ಟೇ. 1971ರ ಯುದ್ಧದಲ್ಲಿ ಬಂಗಾಳದ ಕೆಸರುಗದ್ದೆಗಳಿಗೆ ಇದನ್ನೇ ಯಾಕೆ ಕಳಿಸಿದರು ಎಂಬುದಕ್ಕೆ ಬೇರೆ ಉತ್ತರ ಬೇಡ.

ಅದರ ಹಿಂಬದಿಗೆ ಹೋದರೆ ಎರಡು ದುಂಡು ಬಾಯಿಗಳಿವೆ, ಮುಚ್ಚಳ ಸಮೇತ. ತಳದಿಂದ ಎಳೆದ ನೀರು ಅಲ್ಲಿಂದ ರಭಸವಾಗಿ ಹೊರಬಂದು ಟ್ಯಾಂಕನ್ನು ಮುಂದೂಡುತ್ತದೆ, ಗಂಟೆಗೆ ಸುಮಾರು 10 ಕಿಲೋಮೀಟರ್ ವೇಗದಲ್ಲಿ. ಒಂದು ಬಾಯಿ ಮುಚ್ಚಿದರೆ ಅದೇ ಕಡೆಗೆ ತಿರುಗುತ್ತದೆ. ಮೂತಿಯ ಮೇಲೆ ಮಡಚಿಟ್ಟ ತಗಡನ್ನು ನೀರಿಗಿಳಿಯುವ ಮೊದಲು ಎತ್ತಿ ನಿಲ್ಲಿಸಬೇಕು, ಇಲ್ಲದಿದ್ದರೆ ಅಲೆ ಒಡಲ ಮೇಲೇರಿ ಬರುತ್ತದೆ. ತೇಲುವುದಕ್ಕೆ ತೆತ್ತ ಬೆಲೆ ಕವಚ: ಅತಿ ದಪ್ಪ ಎಂದರೂ 20 ಮಿಲಿಮೀಟರ್ ಆಸುಪಾಸು. ಇದನ್ನು ನೋಡಿದ ಮೇಲೆ ಅಮೆರಿಕದ ಚಾಫಿ ಎಲ್ಲಿದೆ ಎಂದು ಹುಡುಕಿ. 1971ರ ನವೆಂಬರ್ 21ರಂದು ಈಗಿನ ಬಾಂಗ್ಲಾದೇಶದ ಗರೀಬ್‌ಪುರದಲ್ಲಿ ಭಾರತದ 45 ಕ್ಯಾವಲ್ರಿ ದಳದ ಪಿಟಿ-76ಗಳು ಎದುರಿಸಿದ್ದು ಪಾಕಿಸ್ತಾನದ ಚಾಫಿಗಳನ್ನೇ. 18 ಟನ್, 75 ಮಿಲಿಮೀಟರ್ ತೋಪು. ಎರಡೂ ಹಗುರ ಜಾತಿ, ಎರಡರ ಕವಚವೂ ಎದುರಾಳಿಯ ಗುಂಡಿಗೆ ತಡೆಯಲ್ಲ. ಯಾರು ಮೊದಲು ಕಂಡು ಮೊದಲು ಹೊಡೆದರು ಎಂಬುದರ ಮೇಲೆ ಅಂಥ ಕಾಳಗ ನಿಂತಿರುತ್ತದೆ.

ಸಮಯ ಕಡಿಮೆ ಇದ್ದರೂ 1965ರ ಯುದ್ಧದಲ್ಲಿ ಭಾರತದ ಕಡೆಯಿದ್ದ ಸೆಂಚೂರಿಯನ್ ಮತ್ತು ಪಾಕಿಸ್ತಾನದ ಕಡೆಯಿದ್ದ ಪ್ಯಾಟನ್ ಎರಡರ ಮುಂದೆ ಅರ್ಧ ಗಂಟೆ ನಿಲ್ಲಲೇಬೇಕು. 1965ರ ಸೆಪ್ಟೆಂಬರ್ 8ರಿಂದ 10ರವರೆಗೆ ಪಂಜಾಬಿನ ಖೇಮಕರಣ ಭಾಗದ ಅಸಲ್ ಉತ್ತರದಲ್ಲಿ ಪಾಕಿಸ್ತಾನ ಕಳೆದುಕೊಂಡ ಟ್ಯಾಂಕುಗಳು ಭಾರತದ ಲೆಕ್ಕದಲ್ಲಿ 97, ಬಹುಪಾಲು ಪ್ಯಾಟನ್. ಅಂದಿನಿಂದ ‘ಪ್ಯಾಟನ್ ಬರೀ ಡೌಲಿನ ಗಾಡಿ’ ಎಂಬ ಮಾತು ನಮ್ಮಲ್ಲಿ ಬೇರೂರಿದೆ. ಆ ಮಾತು ಸರಿಯಲ್ಲ. ಎಂ-47 ಪ್ಯಾಟನ್ನಿನ ಗೋಪುರವನ್ನು ನೋಡಿ: ಒಂದೇ ಎರಕದಲ್ಲಿ ಬಂದ ದುಂಡನೆಯ ಮೂತಿ, ಎಲ್ಲೂ ಚಪ್ಪಟೆ ಮೈ ಇಲ್ಲ, ಬಡಿದ ಗುಂಡು ಜಾರಿಹೋಗಲೆಂದೇ ಆ ಆಕಾರ. 46 ಟನ್, 90 ಮಿಲಿಮೀಟರ್ ತೋಪು, 810 ಅಶ್ವಶಕ್ತಿ. ಸೆಂಚೂರಿಯನ್ನಿಗೆ 51 ಟನ್ ಎಳೆಯಲು ಇದ್ದದ್ದು 650 ಅಶ್ವಶಕ್ತಿಯ ಮೀಟಿಯರ್ ಎಂಜಿನ್, ಅದೂ ಮರ್ಲಿನ್ ವಿಮಾನ ಎಂಜಿನ್ನಿನ ತಮ್ಮ. ಅದರ ಮೊದಲ ಮಾದರಿಗಳು 550 ಲೀಟರ್ ಪೆಟ್ರೋಲ್ ಕುಡಿದು 100 ಕಿಲೋಮೀಟರಿಗೆ ಸುಸ್ತಾಗುತ್ತಿದ್ದವು. ಕಾಗದದ ಮೇಲೆ ಓಟದಲ್ಲಿ ಪ್ಯಾಟನ್ನೇ ಮುಂದೆ.

ಹಾಗಾದರೆ ಏನಾಯಿತು? ಪ್ಯಾಟನ್ ಗೋಪುರದ ಎರಡೂ ಬದಿಯಲ್ಲಿ, ಮೇಲ್ಭಾಗದಲ್ಲಿ, ಕಿವಿಯಂತೆ ಉಬ್ಬಿರುವ ಜಾಗವಿದೆ. ದೂರ ಅಳೆಯುವ ಯಂತ್ರದ ಎರಡು ಕಣ್ಣುಗಳು ಅವು. ಎರಡು ಬಿಂಬಗಳನ್ನು ತಲೆಯಲ್ಲಿ ಒಂದಾಗಿಸಿ ಆಳ ಗುರುತಿಸಬೇಕು. ಅದಕ್ಕೆ ಎರಡೂ ಕಣ್ಣು ಸಮನಾಗಿ ಚುರುಕಾಗಿರಬೇಕು, ದೀರ್ಘ ತರಬೇತಿಯೂ ಬೇಕು. ಸೆಂಚೂರಿಯನ್ ತೋಪುಗಾರನಿಗೆ ಆ ಗೋಜಿರಲಿಲ್ಲ. ಅವನ 84 ಮಿಲಿಮೀಟರಿನ ‘20 ಪೌಂಡರ್’ ತೋಪಿನ ಕವಚಭೇದಕ ಗುಂಡು ಸೆಕೆಂಡಿಗೆ 1,400 ಮೀಟರಿಗೂ ಹೆಚ್ಚು ವೇಗದಲ್ಲಿ ಹೊರಡುತ್ತದೆ. ವೇಗ ಹೆಚ್ಚಿದಷ್ಟೂ ಗುಂಡಿನ ದಾರಿ ನೇರ. ದಾರಿ ನೇರವಿದ್ದರೆ ದೂರದ ಅಂದಾಜು ನೂರಿನ್ನೂರು ಮೀಟರ್ ತಪ್ಪಿದರೂ ಗುರಿ ತಪ್ಪುವುದಿಲ್ಲ.

ಇನ್ನು ನೆಲ. ಸೆಂಚೂರಿಯನ್ ಚೈನಿನ ಅಗಲ 61 ಸೆಂಟಿಮೀಟರ್, ನೆಲ ಮುಟ್ಟುವ ಉದ್ದ 457. ಲೆಕ್ಕ ಹಾಕಿದರೆ ಒತ್ತಡ 0.91. ಪ್ಯಾಟನ್ನಿನದೂ ಅದರ ಹತ್ತಿರವೇ. ಅಂದರೆ ಅಸಲ್ ಉತ್ತರದಲ್ಲಿ ನಮ್ಮವರು ಕಾಲುವೆ ಒಡೆದು ನೀರು ನುಗ್ಗಿಸಿದ ಕಬ್ಬಿನ ಗದ್ದೆಗೆ ಇಳಿದಿದ್ದರೆ ಸೆಂಚೂರಿಯನ್ನೂ ಹೂತುಕೊಳ್ಳುತ್ತಿತ್ತು. ಇಳಿದದ್ದು ಪ್ಯಾಟನ್, ಕಾದು ಕುಳಿತದ್ದು 3 ಕ್ಯಾವಲ್ರಿಯ ಸೆಂಚೂರಿಯನ್, ಜೊತೆಗೆ ಡೆಕ್ಕನ್ ಹಾರ್ಸ್‌ನ ಹಳೆಯ ಶರ್ಮನ್ ಟ್ಯಾಂಕು. ಸೋಲಿನ ಕಾರಣ ಉಕ್ಕಿನಲ್ಲಿಲ್ಲ, ಯಾರು ಯಾವ ನೆಲದ ಮೇಲೆ ನಿಂತಿದ್ದರು ಎಂಬುದರಲ್ಲಿದೆ. ಗೆದ್ದವರಿಗೆ ಸಲ್ಲಬೇಕಾದ ಮರ್ಯಾದೆಯೂ ಹೀಗೆ ನೋಡಿದಾಗಲೇ ಪೂರ್ತಿ ಸಲ್ಲುತ್ತದೆ.

ಇಲ್ಲಿಂದ ಕದಲುವ ಮೊದಲು ಬಗ್ಗಿ ಟಾರ್ಚ್ ಬಿಡಿ. ಸೆಂಚೂರಿಯನ್ನಿನ ಒಂದೊಂದು ಬದಿಯ ಆರು ಚಕ್ರಗಳು ಎರಡೆರಡಾಗಿ ಮೂರು ಜೋಡಿ. ಪ್ರತಿ ಜೋಡಿಯನ್ನೂ ಸ್ಪ್ರಿಂಗ್ ಸಮೇತ ಒಡಲಿನ ಹೊರಗೆ ಬೋಲ್ಟ್ ಹಾಕಿ ಕೂರಿಸಿದ್ದಾರೆ. ನೆಲಬಾಂಬಿಗೆ ಸಿಕ್ಕರೆ ಆ ಜೋಡಿಯನ್ನು ಬಿಚ್ಚಿ ಹೊಸದನ್ನು ಹಾಕಿದರಾಯಿತು. ಪ್ಯಾಟನ್ನಿನಲ್ಲಿ ಪ್ರತಿ ಚಕ್ರಕ್ಕೂ ಒಡಲಿನ ತಳದಲ್ಲಿ ಅಡ್ಡಡ್ಡ ಮಲಗಿದ ತಿರುಚು ಸಲಾಕೆ ಇದೆ. ಓಟ ನಯ, ಆದರೆ ಸಲಾಕೆ ಮುರಿದರೆ ತುಂಡನ್ನು ಒಡಲೊಳಗಿಂದ ಹೊರತೆಗೆಯುವುದು ಬೆವರಿಳಿಸುವ ಕೆಲಸ.

ಜಪಾನಿನ ಹಾ-ಗೊ ಟ್ಯಾಂಕಿನ ಮೈತುಂಬ ರಿವೆಟ್. 12 ಮಿಲಿಮೀಟರ್ ಕವಚ, 7.4 ಟನ್. ಹೊರಗೆ ಗುಂಡು ಬಡಿದಾಗ ರಿವೆಟ್ ಮುರಿದು ಅದರ ಒಳತುದಿ ಬುಲೆಟ್ಟಿನಂತೆ ಒಳಗಿದ್ದವರಿಗೇ ತಾಗುತ್ತಿತ್ತು. ಜಗತ್ತು ರಿವೆಟ್ ಬಿಟ್ಟು ವೆಲ್ಡಿಂಗಿಗೆ ಹೋದದ್ದು ಇದರಿಂದಲೂ ಹೌದು. ಗೋಪುರದಲ್ಲಿ ಒಬ್ಬನಿಗಷ್ಟೇ ಜಾಗ. ನೋಡುವವನೂ ಅವನೇ, ಗುಂಡು ತುಂಬುವವನೂ ಅವನೇ, ಹೊಡೆಯುವವನೂ ಅವನೇ.

ಬ್ರಿಟಿಷರ ಮಟಿಲ್ಡಾ ಮತ್ತು ಜರ್ಮನರ 88 ಮಿಲಿಮೀಟರ್ ತೋಪು ಒಂದೇ ಅಂಗಳದಲ್ಲಿರುವುದು ನೋಡುಗರ ಭಾಗ್ಯ. ಮಟಿಲ್ಡಾದ ಮುಂಗವಚ 78 ಮಿಲಿಮೀಟರ್. ಬಸ್ಸಿಗೆ ಹಾಕುವ ಮಾದರಿಯ ಎರಡು ಡೀಸೆಲ್ ಎಂಜಿನ್ ಜೋಡಿಸಿದರೂ ಗಂಟೆಗೆ 25 ಕಿಲೋಮೀಟರ್ ಆಸುಪಾಸಿನ ಓಟ. ಅದರ ಬದಿತಗಡಿನಲ್ಲಿರುವ ಕಿಂಡಿಗಳು ಚೈನಿನ ಮೇಲೆ ಬಿದ್ದ ಕೆಸರು ಜಾರಿ ಹೊರಬೀಳಲು. ಮಾಮೂಲು ಟ್ಯಾಂಕು ಹೊಡೆಯುವ ತೋಪುಗಳಿಗೆ ಅದು ಜಗ್ಗದಾಗ ಉತ್ತರ ಆಫ್ರಿಕಾದ ಮರುಭೂಮಿಯಲ್ಲಿ ಜರ್ಮನರು ವಿಮಾನ ಹೊಡೆಯುವ ಈ 88ನ್ನೇ ನೆಲಕ್ಕೆ ಬಗ್ಗಿಸಿದರು.

ಬ್ರಿಟಿಷರ ಆರ್ಚರ್ ಎಂಬ ತೋಪುಗಾಡಿಯ ಎದುರು ಎಲ್ಲರೂ ಗೊಂದಲಕ್ಕೆ ಬೀಳುತ್ತಾರೆ: ತೋಪು ಮುಖ ಮಾಡಿರುವುದು ಹಿಂದಕ್ಕೆ. ಚಿಕ್ಕ ವ್ಯಾಲೆಂಟೈನ್ ಟ್ಯಾಂಕಿನ ಒಡಲಿಗೆ ಉದ್ದನೆಯ ‘17 ಪೌಂಡರ್’ ತೋಪು ಕೂರಿಸಲು ಸಿಕ್ಕ ದಾರಿ ಅದೊಂದೇ. ಹೊಡೆದಾಗ ತೋಪಿನ ಬುಡ ಚಾಲಕನ ಸೀಟಿನ ಕಡೆಗೇ ನುಗ್ಗುವುದರಿಂದ ಅವನು ಮೊದಲೇ ಎದ್ದು ಹೋಗಬೇಕಿತ್ತು. ಲಾಭ ಇಷ್ಟು: ಹೊಡೆದ ಮೇಲೆ ತಿರುಗಿಸುವ ಕೆಲಸವಿಲ್ಲ, ನೇರ ಓಡಿಹೋಗಬಹುದು.

ಬಯಲಲ್ಲಿಟ್ಟ ಟ್ಯಾಂಕಿಗೆ ದೊಡ್ಡ ಶತ್ರು ಒಡಲೊಳಗೆ ನಿಲ್ಲುವ ಮಳೆನೀರು. ಎಲ್ಲ ಕಡೆ ಬಣ್ಣ ಹೊಳೆಯುತ್ತಿದ್ದರೂ ತಳದಿಂದ ತುಕ್ಕು ತಿನ್ನುತ್ತದೆ. ಅದಕ್ಕೇ ನಳಿಗೆಯ ಬಾಯಿ, ಮುಚ್ಚಳಗಳನ್ನು ಬಿಗಿಯಾಗಿ ಮುಚ್ಚಬೇಕು. ಚಕ್ರದ ರಬ್ಬರು ಬಿಸಿಲಿಗೆ ಬಿರುಕು ಬಿಡುತ್ತದೆ. ದಪ್ಪ ಬಣ್ಣದ ಪದರಗಳಡಿ ಎರಕದ ಗುರುತಿನ ಅಕ್ಷರ ಮುಚ್ಚಿಹೋಗಿರುತ್ತವೆ, ಓರೆಬೆಳಕಿನಲ್ಲಿ ಹುಡುಕಿದರೆ ಓದಲು ಬರುತ್ತವೆ.

ಸ್ಟುವರ್ಟ್ ಹಗುರ ಟ್ಯಾಂಕನ್ನು ಕನ್ನಡದವರು ಬಿಟ್ಟು ಬರಬಾರದು. 37 ಮಿಲಿಮೀಟರಿನ ಪುಟ್ಟ ತೋಪು, 15 ಟನ್ ತೂಕ. 1948ರ ನವೆಂಬರ್ 1ರಂದು 7 ಲೈಟ್ ಕ್ಯಾವಲ್ರಿಯ ಸ್ಟುವರ್ಟ್‌ಗಳು ಕಾಶ್ಮೀರದಲ್ಲಿ ಸುಮಾರು 3,500 ಮೀಟರ್ ಎತ್ತರದ ಜೋಜಿಲಾ ಕಣಿವೆದಾರಿ ಹತ್ತಿದವು. ಗುಟ್ಟು ರಟ್ಟಾಗದಿರಲೆಂದು ಗೋಪುರ ಬಿಚ್ಚಿ ಬೇರೆಯಾಗಿ ಸಾಗಿಸಿದ್ದರು. ಬಾಲ್ತಾಲದಿಂದ ಮೇಲಿನ ಕಾಲುದಾರಿಯನ್ನು ಟ್ಯಾಂಕು ಹಿಡಿಸುವಷ್ಟು ಅಗಲ ಮಾಡಿದ್ದು ಬೆಂಗಳೂರು ನೆಲೆಯ ಸೇನಾ ಎಂಜಿನಿಯರ್ ದಳ ಮದ್ರಾಸ್ ಸ್ಯಾಪರ್ಸ್. ಕಾರ್ಯಾಚರಣೆ ನಡೆಸಿದ ಡಿವಿಷನ್ನಿನ ಮುಖ್ಯಸ್ಥರು ಕೊಡಗಿನ ಮೇಜರ್ ಜನರಲ್ ತಿಮ್ಮಯ್ಯ, ಅವರ ಮೇಲಿನ ಕಮಾಂಡಿನಲ್ಲಿದ್ದವರು ಕಾರ್ಯಪ್ಪ.

ತಿಮ್ಮಯ್ಯನವರು ಹುಟ್ಟಿದ ಮಡಿಕೇರಿಯ ‘ಸನ್ನಿ ಸೈಡ್’ ಮನೆ 2021ರಿಂದ ಮ್ಯೂಸಿಯಂ ಆಗಿದೆ, ಅಂಗಳದಲ್ಲಿ ಟಿ-55 ಟ್ಯಾಂಕು ನಿಂತಿದೆ. ಅಹಮದ್‌ನಗರಕ್ಕೆ ಹೋಗುವ ಮೊದಲು ಟೇಪು ಹಿಡಿದು ಅಲ್ಲೇ ಕೈ ಪಳಗಿಸಿಕೊಳ್ಳಬಹುದು. ಒಂದು ಬದಿಗೆ ಐದು ಚಕ್ರ, ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಎದ್ದು ಕಾಣುವ ಸಂದು. ಟಿ-55ನ್ನು ಗುರುತು ಹಿಡಿಯುವುದೇ ಹೀಗೆ. ಚೈನು 58 ಸೆಂಟಿಮೀಟರ್, ನೆಲ ಮುಟ್ಟುವ ಉದ್ದ 384, ತೂಕ 36 ಟನ್. ಉತ್ತರ 0.81 ಬರಬೇಕು, ಅದಕ್ಕಿಂತ ತೀರಾ ಕಡಿಮೆ ಬಂದರೆ ಹಲ್ಲುಚಕ್ರವನ್ನೂ ಸೇರಿಸಿ ಅಳೆದಿದ್ದೀರಿ ಎಂದರ್ಥ.