ಒಂದು ಖೋಕಾ ಕಡಿಮೆ ಬಿದ್ದ ದಿನ

ಕಲಬುರಗಿ ಹೊರಗಿನ ರೇಂಜಿನಲ್ಲಿ ಆ ಡಿಸೆಂಬರ್‌ನ ನಮ್ಮ ಕಾಲೇಜಿನ ಎನ್‌ಸಿಸಿ ಫೈರಿಂಗ್ ಮುಗಿಸಿ ಖೋಕಾ, ಅಂದರೆ ಗುಂಡು ಹಾರಿದ ಮೇಲೆ ಉಳಿಯುವ ಖಾಲಿ ಹಿತ್ತಾಳೆ ಕೋಶ, ಎಣಿಸಿದೆವು. 60 ಕೆಡೆಟ್‌ಗಳು, ತಲಾ 5 ರೌಂಡ್. 300 ಇರಬೇಕಿತ್ತು, 299 ಇದ್ದವು. ಹವಾಲ್ದಾರ್ ಸಾಬ್ ಮೂರು ಸಲ ಎಣಿಸಿದರು. ಫೈರಿಂಗ್ ಪಾಯಿಂಟಿನ ಮಣ್ಣು ಕೆದಕಿಸಿದೆವು, ಪಕ್ಕದ ತೊಗರಿ ಸಾಲಿನವರೆಗೂ ಹುಡುಕಿಸಿದೆವು.

ಸಿಗದಿದ್ದಾಗ ಎಲ್ಲರನ್ನೂ ಬಿಸಿಲಲ್ಲಿ ಸಾವಧಾನ್ ನಿಲ್ಲಿಸಿದೆ. "ಯಾರು ತಗೊಂಡೀರಿ ಹೇಳ್ರಿ. ಅಲ್ಲೀತನಕ ಯಾರೂ ಅಲುಗಾಡಂಗಿಲ್ಲ." ನಲವತ್ತು ನಿಮಿಷ ಒಬ್ಬರೂ ಬಾಯಿ ಬಿಡಲಿಲ್ಲ. ಕೊನೆಯ ಸಾಲಿನ ಹುಡುಗಿಯೊಬ್ಬಳು ತೂಗಾಡತೊಡಗಿದಾಗ ಕೆಡೆಟ್‌ಗಳ ನಾಯಕ ಎಸ್‌ಯುಒ (ಸೀನಿಯರ್ ಅಂಡರ್ ಆಫೀಸರ್) ಒಂದು ಹೆಜ್ಜೆ ಮುಂದೆ ಬಂದ.

"ನಾನೇ ತಗೊಂಡೀನ್ರಿ ಸರ. ಎಲ್ಲಿ ಬಿತ್ತೋ ಗೊತ್ತಿಲ್ರಿ."

ಒಂದು ಪ್ರಶ್ನೆಯನ್ನೂ ಕೇಳದೆ ಎಲ್ಲರೆದುರೇ ಅವನ ರ‍್ಯಾಂಕ್ ಬಿಚ್ಚಿಸಿದೆ.

ರಾತ್ರಿ ಫಸ್ಟ್ ಇಯರ್ ಹುಡುಗನೊಬ್ಬ ಟೆಂಟಿಗೆ ಬಂದು ಅಂಗೈ ತೆರೆದ. "ತಮ್ಮಗ ತೋರಸಬೇಕಂತ ಇಟ್ಕೊಂಡಿದ್ದೆ ರಿ ಸರ. ಬರೇ ಹಿತ್ತಾಳಿ ಅಂದ್ಕೊಂಡಿದ್ದೆ." ಗುಂಡು ಹಾರಿದೆ, ಯಾರ ಜೇಬಿಗೂ ಹೋಗಿಲ್ಲ ಎನ್ನಲು ಆ ಖೋಕಾವೇ ಪುರಾವೆ. ಅದನ್ನು ನಾನು ಒಮ್ಮೆಯೂ ಹೇಳಿಕೊಟ್ಟಿರಲಿಲ್ಲ.

ಎಸ್‌ಯುಒನನ್ನು ಕರೆಸಿ ಸುಳ್ಳು ಯಾಕೆ ಹೇಳಿದೆ ಎಂದೆ. "ಹುಡುಗ್ರು ಬೀಳ್ಲಾಕತ್ತಿದ್ರು ರಿ ಸರ," ಅಂದ. 1932ರಲ್ಲಿ ಡೆಹ್ರಾಡೂನಿನ ಮಿಲಿಟರಿ ಅಕಾಡೆಮಿಯಲ್ಲಿ ಆಗಿನ ಸೇನಾ ಮುಖ್ಯಸ್ಥ ಚೆಟ್‌ವುಡ್ ಹೇಳಿದ ಕ್ರಮವನ್ನು, ಸೇನಾ ಅಧಿಕಾರಿಗಳನ್ನು ಆರಿಸುವ ಎಸ್‌ಎಸ್‌ಬಿ ಸಂದರ್ಶನಕ್ಕೆ ಬೇಕಾಗುತ್ತದೆಂದು ನಾನೇ ಬಾಯಿಪಾಠ ಮಾಡಿಸಿದ್ದೆ: ಮೊದಲು ದೇಶ, ಆಮೇಲೆ ಕೈಕೆಳಗಿನವರು, ಕೊನೆಗೆ ನೀನು. ಅವನು ಅದನ್ನು ನಂಬಿದ್ದ. ಆದರೂ ಸುಳ್ಳು ಸುಳ್ಳೇ. ಅವನ ಮಾತಿನ ಮೇಲೆ ನಾವು ಹುಡುಕುವುದನ್ನೇ ಬಿಟ್ಟಿದ್ದೆವು. ನಿಜ ಹೇಳಲು ನಾನು ಯಾರಿಗೂ ದಾರಿ ಇಟ್ಟಿರಲಿಲ್ಲ, ಅದೂ ಅಷ್ಟೇ ನಿಜ.

ಬಿ.ಎಡ್. ಓದುವಾಗ ಮನಶ್ಶಾಸ್ತ್ರಜ್ಞ ಕೋಲ್‌ಬರ್ಗ್ ಹೇಳಿದ ನೈತಿಕ ಬೆಳವಣಿಗೆಯ ಮೂರು ಹಂತ ಪರೀಕ್ಷೆಗೆ ಬರೆದಿದ್ದೆ: ಶಿಕ್ಷೆಯ ಭಯ, ಗುಂಪಿನ ಒಪ್ಪಿಗೆ, ಸ್ವಂತ ವಿವೇಕ. ಮಕ್ಕಳನ್ನು ಮೊದಲನೆಯದರಲ್ಲೇ ನಿಲ್ಲಿಸಿ ಕೊನೆಯದನ್ನು ಬಯಸಿದ್ದೆ. ಡ್ರಿಲ್ಲಿಗೆ ಅಂಕವಿದೆ, ಹಾಜರಿಗೆ ರಿಜಿಸ್ಟರ್ ಇದೆ. ಇದನ್ನು ಕೂತು ಮಾತಾಡಲು ಟೈಮ್‌ಟೇಬಲ್‌ನಲ್ಲಿ ಒಂದು ಪೀರಿಯಡ್ ಇಲ್ಲ. ಕೇಳಿದರೆ ಸಿಲಬಸ್ ತೋರಿಸುತ್ತಾರೆ.

ಈಗ ಫೈರಿಂಗಿಗೆ ಮುಂಚೆ ಹತ್ತು ನಿಮಿಷ ಕೂರಿಸುತ್ತೇನೆ. ಖೋಕಾ ನಿನ್ನ ದೋಸ್ತನ ಹತ್ತಿರ ಇದ್ದರೆ ಏನು ಮಾಡುತ್ತಿ? ಫಸ್ಟ್ ಇಯರ್‌ನವರು "ಹೇಳ್ತೀವ್ರಿ, ಇಲ್ಲಾಂದ್ರ ಎಲ್ಲಾರಿಗೂ ಪನಿಶ್‌ಮೆಂಟ್" ಅನ್ನುತ್ತಾರೆ. ಸೆಕೆಂಡ್ ಇಯರ್‌ನವರು ದೋಸ್ತನನ್ನು ಬಿಟ್ಟುಕೊಡುವುದಿಲ್ಲ. ಹೋದ ವರ್ಷ ಫೈನಲ್ ಇಯರ್ ಹುಡುಗಿ ಎದ್ದು ನಿಂತು, "ಅವನ ಜೋಡಿ ನಾನೂ ಬರ್ತೀನ್ರಿ ಸರ, ಆದ್ರ ಹೇಳೋದು ಅವನೇ ಹೇಳಬೇಕು," ಅಂದಳು.

ಆ ಎಸ್‌ಯುಒಗೆ ಎರಡು ದಿನಕ್ಕೆ ರ‍್ಯಾಂಕ್ ವಾಪಸ್ ಕೊಟ್ಟೆ. ಕಿತ್ತುಕೊಂಡದ್ದು ಅರವತ್ತು ಮಂದಿಯ ಮುಂದೆ, ಕೊಟ್ಟದ್ದು ಆಫೀಸಿನ ಬಾಗಿಲು ಹಾಕಿಕೊಂಡು. ಅವನು ಸೆಲ್ಯೂಟ್ ಹೊಡೆದು ಹೋದ.