ಗೋಡೆ ಮೇಲಿನ ಗೆರೆ

2022ರ ಸೆಪ್ಟೆಂಬರ್ ಮಳೆಗೆ ಬೆಳ್ಳಂದೂರು ಕಡೆಯ ನಮ್ಮ ಮನೆಯೊಳಗೂ ಮೊಣಕಾಲುದ್ದ ನೀರು ನಿಂತಿತ್ತು. ಎರಡು ಸಲ ಪೇಂಟ್ ಹೊಡೆಸಿದರೂ ಅಡುಗೆಮನೆ ಗೋಡೆಯಲ್ಲಿ ಆ ಕಂದು ಗೆರೆ ಮತ್ತೆ ಇಣುಕುತ್ತದೆ. ಇವತ್ತು ಅದರ ಎದುರೇ ಕೂತು ಇನ್ಶೂರೆನ್ಸ್ ಫಾರಂ ಓದಿದೆ.

ಸ್ಕೂಟರಿಗೆ ವರ್ಷಾ ವರ್ಷ ಕಟ್ಟುತ್ತೇವೆ, ಪೊಲೀಸರು ಹಿಡೀತಾರೆ ಅಂತ. ಮನೆಗೆ ಯಾರೂ ಕೇಳಲ್ಲ, ಅಲ್ವಾ? 2021ರಿಂದ ‘ಭಾರತ್ ಗೃಹ ರಕ್ಷಾ’ ಪಾಲಿಸಿ ಇದೆ. ಬೆಂಕಿ, ಭೂಕಂಪದ ಜೊತೆ ನೆರೆಯೂ ಅದರಲ್ಲೇ ಸೇರಿದೆ. ಲೆಕ್ಕ ಹಿಡಿಯುವುದು ಮನೆ ಮತ್ತೆ ಕಟ್ಟಿಸುವ ಖರ್ಚನ್ನು, ಸೈಟಿನ ರೇಟನ್ನಲ್ಲ. ನಾನು ಸುಮ್ನೆ ಸೈಟನ್ನೂ ಸೇರಿಸಿಕೊಂಡು, ಪ್ರೀಮಿಯಂ ಜಾಸ್ತಿ ಆಗುತ್ತೆ ಅಂತ ಇಷ್ಟು ದಿನ ಹೆದರಿದ್ದೆ. ಒಳಗಿನ ಸಾಮಾನಿಗೂ ಕಟ್ಟಡದ ಮೊತ್ತದ ಶೇ. 20ರಷ್ಟು, ಗರಿಷ್ಠ 10 ಲಕ್ಷ, ತಾನಾಗೇ ಸೇರುತ್ತದೆ. ಆವತ್ತು ತೇಲಿದ ಫ್ರಿಜ್ಜು ನೆನಪಾಯಿತು.

“ದುಡ್ಡು ಕೊಡ್ತಾರೆ, ಸರಿ. ರಾಜಕಾಲುವೆ ಹೂಳು ಯಾರು ತೆಗೀತಾರೆ?” ಅಂದಳು ಅಮ್ಮ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಫಾರಂ ಮಾತ್ರ ತುಂಬಿದೆ. ಹಿಂದೆ ನೀರು ನುಗ್ಗಿತ್ತಾ ಅಂತ ಕೇಳಿದ ಕಡೆ ‘ಹೌದು’ ಅಂತಲೇ ಬರೆದೆ. ಗೆರೆ ನೋಡ್ತಾ ಇದೆಯಲ್ಲ!