ಭಾಗದ ಮಗ್ಗಿ ಪುಸ್ತಕ: ಎಕರೆ ಪುಟ ಮುಗಿಯಿತು

ಹಳೆಯ ಮಗ್ಗಿ ಪುಸ್ತಕಗಳಲ್ಲಿ ಕಾಲು, ಅರೆ, ಮುಕ್ಕಾಲು ಮಗ್ಗಿಗಳೂ ಇರುತ್ತಿದ್ದವು. ಅದೇ ದಾರಿಯಲ್ಲಿ, ಇವತ್ತಿನ ಅಳತೆಗಳಿಗೆ ಹೊಂದುವಂತೆ, ಕೈಬರಹದಲ್ಲಿ ಒಂದು ಪುಸ್ತಕ ಮಾಡುತ್ತಿದ್ದೇನೆ. ಐದನೇ ತರಗತಿಯ ಅಣ್ಣನ ಮಗಳಿಗಾಗಿ ಶುರು ಮಾಡಿದ್ದು. ಈಗ ಬೀದಿಯ ಬೇರೆ ಮಕ್ಕಳೂ ಬಂದು ಕೂರುತ್ತಾರೆ.

ಕಿಲೋ ಪುಟ ಬೇಗ ಆಯಿತು. ಕಾಲು ಕಿಲೋ 250 ಗ್ರಾಂ, ಮುಕ್ಕಾಲು 750 ಅಂತ ಅಂಗಡಿಗೆ ಹೋಗುವ ಮಕ್ಕಳಿಗೆ ಗೊತ್ತೇ ಇರುತ್ತದೆ. ಅದರ ಪಕ್ಕದಲ್ಲೇ ಎಂಟರಲ್ಲಿ ಒಂದು ಭಾಗ 125, ಎಂಟರಲ್ಲಿ ಮೂರು ಭಾಗ 375 ಅಂತ ಬರೆದೆ. ಗಂಟೆಯ ಪುಟವೂ ಸಲೀಸು. 60 ನಿಮಿಷವನ್ನು 2, 3, 4, 5, 6 ಎಲ್ಲದರಿಂದಲೂ ಶೇಷವಿಲ್ಲದೆ ಭಾಗಿಸಬಹುದು. ಮೂರರಲ್ಲಿ ಎರಡು ಭಾಗವನ್ನು ಮೊದಲು ತೋರಿಸಲು ಇದೇ ಒಳ್ಳೆಯ ಜಾಗ: ಒಂದು ಪಾಲು 20, ಎರಡು ಪಾಲು 40 ನಿಮಿಷ.

ಛೇದದಿಂದ ಭಾಗಿಸು, ಅಂಶದಿಂದ ಗುಣಿಸು. ನಿಯಮ ಇಷ್ಟೇ. ಆದರೆ ನಡುವೆ "ಒಂದು ಪಾಲು ಎಷ್ಟು" ಅನ್ನುವ ಸಾಲನ್ನು ಮಕ್ಕಳು ಬರೆಯಲೇಬೇಕು ಅನ್ನುವುದು ನನ್ನ ಹಟ. ಆ ಸಾಲು ಬಿಟ್ಟರೆ ನಿಯಮ ಸುಮ್ನೆ ಬಾಯಿಪಾಠ ಆಗುತ್ತದೆ. ಯಾವುದರಿಂದ ಭಾಗಿಸೋದು, ಯಾವುದರಿಂದ ಗುಣಿಸೋದು ಅಂತ ಅದಲುಬದಲಾಗುತ್ತದೆ.

ಜಾಸ್ತಿ ಹೊತ್ತು ಹಿಡಿದದ್ದು ಎಕರೆ ಪುಟ. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ಕಾಲು ಎಕರೆ 10 ಗುಂಟೆ. ಐದರಲ್ಲಿ ಮೂರು ಭಾಗ 24, ಎಂಟರಲ್ಲಿ ಐದು ಭಾಗ 25. ಇಲ್ಲಿಯವರೆಗೆ ಸುಲಭ. ಪಹಣಿಯಲ್ಲಿ ಇರುವಂಥ ಅಳತೆ ಕೊಟ್ಟಾಗ ತೊಡಕು ಶುರು. 1 ಎಕರೆ 26 ಗುಂಟೆಯಲ್ಲಿ ಅರ್ಧ ಎಷ್ಟು? ಇದನ್ನು ಚುಕ್ಕಿ ಇಟ್ಟು 1.26 ಅಂತ ಬರೆಯುವುದೂ ಉಂಟು. ಹಾಗೇ ಕ್ಯಾಲ್ಕುಲೇಟರಿಗೆ ಹಾಕಿ ಎರಡರಿಂದ ಭಾಗಿಸಿದರೆ 0.63 ಬರುತ್ತದೆ. ಅದನ್ನು 63 ಗುಂಟೆ ಅಂತ ಓದಿದರೆ ಒಂದೂವರೆ ಎಕರೆ ದಾಟಿತು! ಇರುವ ಜಮೀನೇ 66 ಗುಂಟೆ ಅಲ್ವಾ? ಎಲ್ಲವನ್ನೂ ಗುಂಟೆಗೆ ತಂದುಕೊಂಡರೆ ತೊಡಕೇ ಇಲ್ಲ. 66ರಲ್ಲಿ ಅರ್ಧ 33. ಮೂರರಲ್ಲಿ ಒಂದು ಪಾಲು 22, ಎರಡು ಪಾಲು 44, ಅಂದರೆ 1 ಎಕರೆ 4 ಗುಂಟೆ. "ಮೊದಲು ಚಿಕ್ಕ ಅಳತೆಗೆ ತಾ" ಅಂತ ಪುಟದ ಮೇಲೆ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ.

ಜಮೀನಿನ ಲೆಕ್ಕ ಅಂದ ಕೂಡಲೇ "ಅಣ್ಣತಮ್ಮಂದಿರು ಹಂಚಿಕೊಂಡರು" ಅಂತಲೇ ಬರೆಯುವ ರೂಢಿ ಇದೆ. ನಾನು ಅದನ್ನು ಬಿಟ್ಟೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಬಂದ ಮೇಲೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ನನ್ನ ಲೆಕ್ಕಗಳಲ್ಲಿ ಅಕ್ಕತಂಗಿಯರಿಗೂ ಪಾಲಿದೆ. ಪಾಲು ಎಷ್ಟು ಗುಂಟೆ ಅಂತ ಅವರೇ ಲೆಕ್ಕ ಹಾಕಿ ನೋಡುವಂತಾಗಬೇಕು.

ರೂಪಾಯಿ ಪುಟ ಅರ್ಧ ಆಗಿದೆ. 100 ಪೈಸೆಯನ್ನು ಮೂರು ಪಾಲು ಮಾಡಿದರೆ 33 ಬಂದು ಒಂದು ಪೈಸೆ ಉಳಿಯುತ್ತದೆ. 1957ಕ್ಕೆ ಮುಂಚೆ ರೂಪಾಯಿಗೆ 16 ಆಣೆ, ಆಣೆಗೆ 12 ಪೈ, ಒಟ್ಟು 192 ಪೈ. ಮೂರರಲ್ಲೊಂದು ಪಾಲು ಸರಿಯಾಗಿ 64 ಪೈ, ಅಂದರೆ 5 ಆಣೆ 4 ಪೈ. ಎರಡನ್ನೂ ಅಕ್ಕಪಕ್ಕದಲ್ಲಿ ಬರೆಯುತ್ತೇನೆ. ಯಾವ ಮೊತ್ತ ಯಾವ ಪಾಲಿಗೆ ಒಗ್ಗುತ್ತದೆ ಅಂತ ಮಕ್ಕಳಿಗೆ ಕಣ್ಣಿಗೇ ಕಾಣುತ್ತದೆ.

ಮುಂದಿನದು ಹಿಂದುಮುಂದಾದ ಲೆಕ್ಕ. ಮುಕ್ಕಾಲು ಪಾಲು 27 ಗುಂಟೆ ಆದರೆ ಇಡೀ ಜಮೀನು ಎಷ್ಟು? ಕಾಲು ಪಾಲು 9, ಇಡೀ ಜಮೀನು 36. ಇದಕ್ಕೆ ಎರಡು ಪುಟ ಗೆರೆ ಹಾಕಿ ಇಟ್ಟಿದ್ದೇನೆ.